ಅಮೆರಿಕದ ಸರ್ಕಾರಿ ವಿಶ್ವವಿದ್ಯಾಲಯಕ್ಕೆ ಹೊರಟಿದ್ದೀರಾ? ಮೊದಲು ಹಳೆಯ ಲಸಿಕೆ ಕಾರ್ಡ್ ಹುಡುಕಿ

ನನ್ನ ತಂಗಿಯ ಮಗನಿಗೆ ನ್ಯೂಯಾರ್ಕ್ ರಾಜ್ಯದ ಒಂದು ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ಎಂಎಸ್ ಸೀಟು ಸಿಕ್ಕಿತು. ವೀಸಾಕ್ಕೆ ಬೇಕಾದ ಐ-20 ಅನ್ನೋ ಪತ್ರ ವಿಶ್ವವಿದ್ಯಾಲಯದಿಂದ ಬಂತು, ವೀಸಾ ಆಯಿತು, ಟಿಕೆಟ್ಟೂ ಆಯಿತು. ಜುಲೈ ಕೊನೆಯ ವಾರ. ಸೂಟ್‌ಕೇಸಿಗೆ ಚಟ್ನಿಪುಡಿ ಪೊಟ್ಟಣ ತುಂಬುತ್ತಾ ಕೂತಿದ್ದಾಗ ಅವನ ಫೋನಿಗೆ ಒಂದು ಇಮೇಲ್ ಬಂತು. ನಿಮ್ಮ ಲಸಿಕೆ ದಾಖಲೆ ಪೂರ್ತಿಯಾಗಿಲ್ಲ, ಖಾತೆಗೆ ಹೋಲ್ಡ್ ಬಿದ್ದಿದೆ, ಇದು ಸರಿಹೋಗುವ ತನಕ ಕ್ಲಾಸಿಗೆ ಹೆಸರು ಹಚ್ಚಲು ಆಗುವುದಿಲ್ಲ ಅಂತ.

ತಂಗಿಗೆ ಅಳುವೇ ಬಂತು. "ಅಕ್ಕಾ, ಇವನಿಗೆ ಒಂದೇ ಒಂದು ಇಂಜೆಕ್ಷನ್ ತಪ್ಪಿಸಿಲ್ಲ ಕಣೇ. ನರ್ಸಮ್ಮ ಹೇಳಿದ ದಿನಕ್ಕೇ ಎತ್ತಿಕೊಂಡು ಹೋಗಿದ್ದೀನಿ" ಅಂದಳು. ಅವಳು ಹೇಳಿದ್ದು ನಿಜ. ಕಾರ್ಡ್ ತೆಗೆದು ನೋಡಿದರೆ ಎಲ್ಲ ಸಾಲಿನಲ್ಲೂ ತಾರೀಖು ಇತ್ತು. ವಿಶ್ವವಿದ್ಯಾಲಯದವರು ಹೇಳಿದ್ದೂ ನಿಜ. ನಮ್ಮ ಲೆಕ್ಕದಲ್ಲಿ ಪೂರ್ತಿಯಾದ ಕಾರ್ಡ್ ಆ ರಾಜ್ಯದ ಕಾನೂನಿನ ಲೆಕ್ಕದಲ್ಲಿ ಅರ್ಧ ಮಾತ್ರ. ಯಾಕೆ ಹೀಗೆ ಅನ್ನೋದು ಒಮ್ಮೆ ಗೊತ್ತಾದರೆ ಉಳಿದದ್ದು ಕಷ್ಟವಲ್ಲ. ಅವತ್ತಿನಿಂದ ನೆಂಟರ ಮಕ್ಕಳು, ಅಕ್ಕಪಕ್ಕದ ಮಕ್ಕಳು ಯಾರೇ ಹೊರಟರೂ ಅವರ ಕಾರ್ಡ್ ಹಿಡಿದು ಕೂರುತ್ತೇನೆ. ನಾನು ಡಾಕ್ಟರ್ ಅಲ್ಲ. ಯಾವ ಲಸಿಕೆ ಹಾಕಿಸಬೇಕು ಅನ್ನೋ ಕೊನೆಯ ಮಾತು ನಿಮ್ಮ ಡಾಕ್ಟರದ್ದೇ. ಅವರ ಮುಂದೆ ಏನು ಹಿಡಿದುಕೊಂಡು ಹೋಗಬೇಕು, ಏನು ಕೇಳಬೇಕು ಅನ್ನೋದನ್ನು ಇಲ್ಲಿ ಹೇಳುತ್ತೇನೆ.

ಹೆಜ್ಜೆ 1: ಕೇಳುತ್ತಿರುವುದು ಯಾರು ಅಂತ ತಿಳಿದುಕೊಳ್ಳಿ

ಕಾಲೇಜು ವಿದ್ಯಾರ್ಥಿಗಳ ಲಸಿಕೆ ವಿಷಯದಲ್ಲಿ ಇಡೀ ಅಮೆರಿಕಕ್ಕೆ ಒಂದೇ ಕಾನೂನು ಅಂತ ಇಲ್ಲ. ಅದು ರಾಜ್ಯಗಳ ಕೈಯಲ್ಲಿದೆ. 1905ರಲ್ಲಿ ಜೇಕಬ್ಸನ್ ಮೊಕದ್ದಮೆಯಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್, ಜನರ ಆರೋಗ್ಯ ಕಾಪಾಡಲು ಲಸಿಕೆ ಕಡ್ಡಾಯ ಮಾಡುವ ಅಧಿಕಾರ ರಾಜ್ಯಕ್ಕಿದೆ ಎಂದಿತು. 1922ರಲ್ಲಿ ಶಾಲೆಗಳ ವಿಷಯದಲ್ಲೂ ಅದನ್ನೇ ಎತ್ತಿಹಿಡಿಯಿತು. ಹಾಗಾಗಿ ಒಂದೊಂದು ರಾಜ್ಯದ್ದು ಒಂದೊಂದು ಪಟ್ಟಿ. ಅದರ ಮೇಲೆ ವಿಶ್ವವಿದ್ಯಾಲಯ ತನ್ನದೇ ಒಂದೆರಡು ಸೇರಿಸಬಹುದು.

ವೀಸಾಕ್ಕೂ ಇದಕ್ಕೂ ಸಂಬಂಧವಿಲ್ಲ. ಗ್ರೀನ್ ಕಾರ್ಡ್ ಪಡೆದು ನೆಲೆಸಲು ಹೋಗುವವರಿಂದ ಅಮೆರಿಕ ಲಸಿಕೆ ದಾಖಲೆ ಕೇಳುತ್ತದೆ, ಎಫ್-1 ವಿದ್ಯಾರ್ಥಿ ವೀಸಾಕ್ಕೆ ಕೇಳುವುದಿಲ್ಲ. ಸಂದರ್ಶನದಲ್ಲಿ ಯಾರೂ ಬಾಯಿ ಬಿಡುವುದಿಲ್ಲ. ಬಹಳ ಮಕ್ಕಳು ಸಿಕ್ಕಿಹಾಕಿಕೊಳ್ಳುವುದು ಇಲ್ಲೇ. ವೀಸಾ ಸಿಕ್ಕಿತಲ್ಲ, ಇನ್ನೇನು ಕೆಲಸ ಮುಗೀತು ಅಂದುಕೊಳ್ಳುತ್ತಾರೆ.

ಹೆಜ್ಜೆ 2: ನೀವು ಹೋಗುವ ರಾಜ್ಯ ಏನು ಕೇಳುತ್ತದೆ ನೋಡಿ

ನಮ್ಮ ಮಕ್ಕಳು ಜಾಸ್ತಿ ಹೋಗುವ ಕೆಲವು ರಾಜ್ಯಗಳದ್ದು ಇಲ್ಲಿದೆ.

ನ್ಯೂಯಾರ್ಕ್‌ನಲ್ಲಿ ಸಾರ್ವಜನಿಕ ಆರೋಗ್ಯ ಕಾನೂನಿನ 2165ನೇ ಕಲಂ ಇದೆ. 1957ರ ಜನವರಿ 1 ಅಥವಾ ಅದರ ನಂತರ ಹುಟ್ಟಿದ, ಆರು ಅಥವಾ ಜಾಸ್ತಿ ಕ್ರೆಡಿಟ್ ತೆಗೆದುಕೊಳ್ಳುವ ವಿದ್ಯಾರ್ಥಿಗಳು ದಡಾರ, ಮಂಗನಬಾವು, ರುಬೆಲ್ಲಾ ಮೂರಕ್ಕೂ ರಕ್ಷಣೆ ಇದೆ ಅಂತ ತೋರಿಸಬೇಕು. ದಡಾರಕ್ಕೆ ಎರಡು ಡೋಸ್, ಮಿಕ್ಕ ಎರಡಕ್ಕೆ ಒಂದೊಂದು. 2167ನೇ ಕಲಂ ಮೆನಿಂಜೈಟಿಸ್ ಬಗ್ಗೆ, ಅಂದರೆ ಮೆದುಳಿನ ಹೊದಿಕೆಗೆ ತಗಲುವ ಸೋಂಕಿನ ಬಗ್ಗೆ. ಐದು ವರ್ಷದೊಳಗೆ ಲಸಿಕೆ ಹಾಕಿಸಿದ ದಾಖಲೆ ಕೊಡಿ, ಇಲ್ಲವಾದರೆ ಮಾಹಿತಿ ಓದಿದ್ದೇನೆ, ಬೇಡ ಅಂತ ಸಹಿ ಮಾಡಿದ ಫಾರ್ಮ್ ಕೊಡಿ ಅನ್ನುತ್ತದೆ. ಹಾಕಿಸದಿದ್ದರೂ ಫಾರ್ಮ್ ಮಾತ್ರ ಬಿಡುವಂತಿಲ್ಲ. ಸುಮ್ನೆ ಖಾಲಿ ಬಿಟ್ಟು ಹೋಲ್ಡ್ ಬಿದ್ದವರನ್ನು ನೋಡಿದ್ದೇನೆ.

ಟೆಕ್ಸಾಸ್‌ನದ್ದು ಬೇರೆ. ಅಲ್ಲಿನ ರಾಜ್ಯ ಕಾನೂನು ಸಾಮಾನ್ಯ ಕೋರ್ಸಿನವರಿಂದ ಮುಖ್ಯವಾಗಿ ಕೇಳುವುದು ಮೆನಿಂಜೈಟಿಸ್ ಲಸಿಕೆ. ಕ್ಲಾಸು ಶುರುವಾಗುವ ಮೊದಲ ದಿನಕ್ಕೆ 22 ತುಂಬಿರದಿದ್ದರೆ ಇದು ನಿಮಗೆ ಕಡ್ಡಾಯ. ಐದು ವರ್ಷದೊಳಗೆ ಹಾಕಿಸಿರಬೇಕು, ಸೆಮಿಸ್ಟರ್ ಶುರುವಾಗುವುದಕ್ಕೆ ಕನಿಷ್ಠ 10 ದಿನ ಮುಂಚೆ ಹಾಕಿಸಿರಬೇಕು. ಎಂಎಸ್‌ಗೆ ಹೋಗುವವರು ನನಗೆ ವಯಸ್ಸಾಯಿತು, ಬೇಕಿಲ್ಲ ಅಂದುಕೊಳ್ಳುತ್ತಾರೆ. ಒಮ್ಮೆ ಎಣಿಸಿ ನೋಡಿ. ಬಿಇ ಮುಗಿಸಿ ನೇರವಾಗಿ ಹೊರಟ ಎಷ್ಟೋ ಮಕ್ಕಳಿಗೆ ಆಗಸ್ಟ್‌ಗೆ 21 ವರ್ಷ ಹತ್ತೋ ಹನ್ನೊಂದೋ ತಿಂಗಳು ಆಗಿರುತ್ತದೆ.

ಈ ಕಾನೂನು ಯಾಕೆ ಬಂತು ಅಂತ ಗೊತ್ತಿದ್ದರೆ ಅದನ್ನು ಬರೀ ತಲೆನೋವು ಅಂದುಕೊಳ್ಳುವುದಿಲ್ಲ. ಜೇಮಿ ಶಾನ್‌ಬಾಮ್ ಅನ್ನುವ ಹುಡುಗಿ ಆಸ್ಟಿನ್‌ನ ಟೆಕ್ಸಾಸ್ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದಳು. 2008ರಲ್ಲಿ ಈ ಸೋಂಕಿಗೆ ಸಿಕ್ಕಿ ಬದುಕೇನೋ ಉಳಿಯಿತು, ಆದರೆ ಮೊಣಕಾಲಿನ ಕೆಳಗೆ ಎರಡೂ ಕಾಲು, ಕೈಬೆರಳುಗಳು ಹೋದವು. ಅವಳೂ ಅವಳ ಮನೆಯವರೂ ಶಾಸನಸಭೆಯ ಬಾಗಿಲು ತಟ್ಟಿದರು. 2009ರಲ್ಲಿ ಹಾಸ್ಟೆಲಿನಲ್ಲಿ ಇರುವ ಹೊಸ ವಿದ್ಯಾರ್ಥಿಗಳಿಗೆ ಲಸಿಕೆ ಕಡ್ಡಾಯವಾಯಿತು. 2011ರಲ್ಲಿ ಟೆಕ್ಸಾಸ್ ಎ ಅಂಡ್ ಎಂ ವಿಶ್ವವಿದ್ಯಾಲಯದ ನಿಕೋಲಿಸ್ ವಿಲಿಯಮ್ಸ್ ಅದೇ ಸೋಂಕಿಗೆ ತೀರಿಕೊಂಡ. ಅವನು ಇದ್ದದ್ದು ಕ್ಯಾಂಪಸ್ ಹೊರಗೆ, ಹಾಗಾಗಿ ಹಳೆಯ ಕಾನೂನು ಅವನನ್ನು ಮುಟ್ಟಿರಲಿಲ್ಲ. ಅದೇ ವರ್ಷ ಕಾನೂನನ್ನು ಹೊರಗೆ ರೂಮು ಮಾಡಿಕೊಂಡು ಇರುವವರಿಗೂ ಹಿಗ್ಗಿಸಿದರು. ಆಗ ಮಿತಿ 30 ವರ್ಷ ಇತ್ತು, 2013ರಲ್ಲಿ 22ಕ್ಕೆ ಇಳಿಸಿದರು. ಆ ಫಾರ್ಮಿನ ಹಿಂದೆ ಎರಡು ಮನೆಗಳ ನೋವಿದೆ. ಅದನ್ನು ತುಂಬುವಾಗ ನನಗೆ ಇದು ನೆನಪಾಗುತ್ತದೆ.

ಇಲಿನಾಯ್‌ನಲ್ಲಿ ದಡಾರ, ಮಂಗನಬಾವು, ರುಬೆಲ್ಲಾ ಮೂರಕ್ಕೂ ಎರಡೆರಡು ಡೋಸ್ ಬೇಕು. ಗಂಟಲುಮಾರಿ, ಧನುರ್ವಾಯು, ನಾಯಿಕೆಮ್ಮಿನ ಲಸಿಕೆಯ ಮೂರು ತಾರೀಖು ಬೇಕು, ಅದರಲ್ಲಿ ಒಂದು ಟಿಡ್ಯಾಪ್, ಅಂದರೆ ಈ ಮೂರಕ್ಕೂ ದೊಡ್ಡವರಿಗೆ ಕೊಡುವ ಲಸಿಕೆ, ಆಗಿರಬೇಕು. 22ಕ್ಕಿಂತ ಚಿಕ್ಕವರಿಗೆ ಮೆನಿಂಜೈಟಿಸ್ ಲಸಿಕೆಯೂ ಸೇರುತ್ತದೆ. ಮ್ಯಾಸಚೂಸೆಟ್ಸ್‌ನ ಪಟ್ಟಿ ಇನ್ನೂ ಉದ್ದ. ಎಂಎಂಆರ್ (ದಡಾರ, ಮಂಗನಬಾವು, ರುಬೆಲ್ಲಾ ಮೂರೂ ಸೇರಿದ ಲಸಿಕೆ) ಎರಡು, ಹೆಪಟೈಟಿಸ್ ಬಿ ಮೂರು, ಸಿಡುಬಿನ (ಇಲ್ಲೆಲ್ಲ ಸಿಡುಬು ಅಂದರೆ ಚಿಕನ್‌ಪಾಕ್ಸ್) ಲಸಿಕೆ ಎರಡು, ಟಿಡ್ಯಾಪ್ ಒಂದು, 21 ಮತ್ತು ಅದಕ್ಕಿಂತ ಚಿಕ್ಕವರಿಗೆ ಮೆನಿಂಜೈಟಿಸ್. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಕ್ಯಾಂಪಸ್‌ಗಳಿಗೆ ಬರ್ಕ್ಲಿ, ಲಾಸ್ ಏಂಜಲೀಸ್, ಸ್ಯಾನ್ ಡಿಯಾಗೊ ಸೇರಿ ಒಂದೇ ನಿಯಮ, ಅದು ವಿಶ್ವವಿದ್ಯಾಲಯವೇ ಮಾಡಿಕೊಂಡದ್ದು. ಎಂಎಂಆರ್, ಸಿಡುಬು, ಟಿಡ್ಯಾಪ್, ಚಿಕ್ಕ ವಯಸ್ಸಿನವರಿಗೆ ಮೆನಿಂಜೈಟಿಸ್, ಜೊತೆಗೆ ಕ್ಷಯದ ತಪಾಸಣೆ.

ನಿಯಮ ಬದಲಾಗುತ್ತಲೂ ಇರುತ್ತದೆ. ಕೋವಿಡ್ ಲಸಿಕೆಯನ್ನೇ ನೋಡಿ. 2021ರಲ್ಲಿ ಎಷ್ಟೋ ವಿಶ್ವವಿದ್ಯಾಲಯಗಳು ಕಡ್ಡಾಯ ಮಾಡಿದವು. ಕೋವ್ಯಾಕ್ಸಿನ್‌ಗೆ ವಿಶ್ವ ಆರೋಗ್ಯ ಸಂಸ್ಥೆಯ ಒಪ್ಪಿಗೆ ಸಿಕ್ಕಿದ್ದು ಆ ವರ್ಷದ ನವೆಂಬರ್‌ನಲ್ಲಿ. ಅದಕ್ಕೆ ಮುಂಚೆ ಹೊರಟ ನಮ್ಮ ಮಕ್ಕಳಲ್ಲಿ ಕೆಲವರು ಅಲ್ಲಿ ಮತ್ತೊಂದು ಲಸಿಕೆ ಹಾಕಿಸಿಕೊಳ್ಳಬೇಕಾಯಿತು. ಈಗ ಆ ಕಡ್ಡಾಯ ಬಹುತೇಕ ಕಡೆ ಇಲ್ಲ. 2025ರಲ್ಲಿ ಐಡಹೊ ರಾಜ್ಯ ಲಸಿಕೆ ಕಡ್ಡಾಯಗಳಿಗೇ ಅಡ್ಡಗಾಲು ಹಾಕುವ ಕಾನೂನು ಮಾಡಿತು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಫ್ಲಾರಿಡಾದ ಆರೋಗ್ಯ ಮುಖ್ಯಸ್ಥರು ತಮ್ಮ ರಾಜ್ಯದ ಕಡ್ಡಾಯಗಳನ್ನೆಲ್ಲ ತೆಗೆಯುತ್ತೇವೆ ಎಂದರು. ಆದ್ದರಿಂದ ಹೋದ ವರ್ಷದ ಸೀನಿಯರ್ ವಾಟ್ಸಾಪ್ ಗುಂಪಿನಲ್ಲಿ ಹಾಕಿದ ಪಟ್ಟಿಯನ್ನು ನಂಬಿ ಕೂರಬೇಡಿ. ನಿಮ್ಮ ವಿಶ್ವವಿದ್ಯಾಲಯದ ವಿದ್ಯಾರ್ಥಿ ಆರೋಗ್ಯ ಕೇಂದ್ರದ ಪುಟ ತೆರೆದು, ಈ ವರ್ಷದ ಫಾರ್ಮನ್ನು ಇಳಿಸಿಕೊಂಡು, ಪ್ರಿಂಟ್ ತೆಗೆದು ಇಟ್ಟುಕೊಳ್ಳಿ.

ನನ್ನನ್ನು ಕೇಳಿದರೆ, ಕಡ್ಡಾಯ ಇಲ್ಲದ ಕಡೆಗೂ ಎಂಎಂಆರ್ ಹಾಕಿಸಿಯೇ ಹೋಗಿ. 2025ರಲ್ಲಿ ಪಶ್ಚಿಮ ಟೆಕ್ಸಾಸ್‌ನಲ್ಲಿ ದಡಾರ ಹಬ್ಬಿ ಇಬ್ಬರು ಮಕ್ಕಳು ತೀರಿಕೊಂಡರು. ಹೊಸ ಊರು, ಹಂಚಿಕೊಂಡ ರೂಮು, ಜ್ವರ ಬಂದರೆ ಗಂಜಿ ಕಾಸಿಕೊಡಲು ಯಾರೂ ಇಲ್ಲ. ಅಂಥ ಕಡೆ ಮಗುವನ್ನು ಕಳಿಸುತ್ತಿದ್ದೇವೆ ಅಲ್ವಾ?

ಹೆಜ್ಜೆ 3: ನಿಮ್ಮ ಕಾರ್ಡನ್ನು ಅವರ ಕಣ್ಣಿನಿಂದ ಓದಿ

ಇದಕ್ಕೆ ಅರ್ಧ ಗಂಟೆ ತೆಗೆದಿಡಿ. ತಾಯಿ ಕಾರ್ಡೋ, ಮಕ್ಕಳ ಡಾಕ್ಟರ್ ಕೊಟ್ಟ ಚಿಕ್ಕ ಪುಸ್ತಕವೋ, ಯಾವುದಿದ್ದರೂ ಹುಡುಕಿ. ಬೀರುವಿನಲ್ಲಿ ಜಾತಕದ ಜೊತೆ, ಹುಟ್ಟಿದ ತಾರೀಖಿನ ಪತ್ರದ ಜೊತೆ ಸಿಕ್ಕೇ ಸಿಗುತ್ತದೆ.

ನಮ್ಮ ಹುಡುಗನ ಕಾರ್ಡ್ ನಾಲ್ಕು ಮಡಿಕೆಯದ್ದು. ಮಡಿಕೆ ಹರಿದಲ್ಲಿ ತಂಗಿ ಟೇಪು ಅಂಟಿಸಿದ್ದಳು, ಆ ಟೇಪೂ ಹಳದಿಯಾಗಿತ್ತು. ಹೆಸರಿನ ಜಾಗದಲ್ಲಿ ಅವನ ಹೆಸರೇ ಇಲ್ಲ. ತಂಗಿಯ ಹೆಸರು ಬರೆದು ಮುಂದೆ ಬೇಬಿ ಅಂತ ಸೇರಿಸಿದ್ದರು. ನಾಮಕರಣಕ್ಕೆ ಮುಂಚೆ ಮಾಡಿಸಿದ ಕಾರ್ಡ್, ಇನ್ನೇನು ಬರೆಯುತ್ತಾರೆ ಹೇಳಿ? ಕೆಳಗೆ ನೀಲಿ ಇಂಕಿನಲ್ಲಿ ನರ್ಸಮ್ಮನ ಅಕ್ಷರ. ಬಿಸಿಜಿ, ಪೋಲಿಯೋ, ಡಿಪಿಟಿ ಒಂದು, ಎರಡು, ಮೂರು. ಆಮೇಲೆ ದಡಾರ, ಒಂಬತ್ತು ತಿಂಗಳಿಗೆ. ಒಂದು ತಾರೀಖು, ಒಂದು ಟಿಕ್.

ತೊಂದರೆ ಶುರುವಾದದ್ದು ಆ ಟಿಕ್‌ನಿಂದಲೇ. ಅಮೆರಿಕದ ರಾಜ್ಯಗಳು ದಡಾರದ ಲಸಿಕೆಯನ್ನು ಮೊದಲ ಹುಟ್ಟುಹಬ್ಬದ ನಂತರ ಹಾಕಿದ್ದರೆ ಮಾತ್ರ ಎಣಿಸುತ್ತವೆ. ನಾಲ್ಕು ದಿನ ಮುಂಚೆ ಇದ್ದರೂ ಒಪ್ಪುತ್ತಾರೆ, ಅದಕ್ಕಿಂತ ಮುಂಚೆ ಹಾಕಿದ್ದು ಲೆಕ್ಕಕ್ಕಿಲ್ಲ. ನಮ್ಮಲ್ಲಿ ಒಂಬತ್ತು ತಿಂಗಳಿಗೆ ಕೊಡುವುದಕ್ಕೆ ಒಳ್ಳೆಯ ಕಾರಣವಿದೆ. ದಡಾರ ಇಲ್ಲಿ ಚಿಕ್ಕ ಕೂಸುಗಳನ್ನೇ ಹಿಡಿಯುತ್ತಿತ್ತು, ವರ್ಷ ತುಂಬುವ ತನಕ ಕಾಯುವ ಹಾಗಿರಲಿಲ್ಲ. ಆದರೆ ಅಷ್ಟು ಚಿಕ್ಕ ಮಗುವಿನಲ್ಲಿ ತಾಯಿಯಿಂದ ಬಂದ ರಕ್ಷಣೆ ಇನ್ನೂ ಉಳಿದಿರುತ್ತದೆ, ಲಸಿಕೆ ಪೂರ್ತಿ ಹಿಡಿಯದೇ ಇರಬಹುದು. ಅವರು ಅದನ್ನು ಎಣಿಸದಿರುವುದು ಇದಕ್ಕೇ. ತಂಗಿ ಮಾಡಿದ್ದರಲ್ಲಿ ತಪ್ಪೇನೂ ಇಲ್ಲ.

ಎರಡನೆಯದು ಮಂಗನಬಾವು. ನಮ್ಮ ಸರ್ಕಾರಿ ಲಸಿಕಾ ಕಾರ್ಯಕ್ರಮದಲ್ಲಿ ಅದು ಇಲ್ಲವೇ ಇಲ್ಲ. ಪಿಎಚ್‌ಸಿಯಲ್ಲಿ, ಅಂಗನವಾಡಿಯಲ್ಲಿ ಹಾಕುತ್ತಿದ್ದುದು ಮೊದಲು ಬರೀ ದಡಾರದ್ದು, ಈಗ ದಡಾರ–ರುಬೆಲ್ಲಾ ಸೇರಿದ ಎಂಆರ್. ಖಾಸಗಿ ಡಾಕ್ಟರ ಹತ್ತಿರ ಹಾಕಿಸಿದವರಿಗೆ ಮಾತ್ರ ಎಂಎಂಆರ್ ಸಿಕ್ಕಿರುತ್ತದೆ. ಕಾರ್ಡಿನಲ್ಲಿ ಎಂ ಒಂದಿದೆಯೋ ಎರಡಿದೆಯೋ ಕಣ್ಣಿಟ್ಟು ನೋಡಿ. ಒಂದು ಎಂ ಇದ್ದರೆ ಮಂಗನಬಾವು ಇಲ್ಲ ಅಂತ ಅರ್ಥ. ಸರ್ಕಾರಿ ಕಡೆ ಲಸಿಕೆ ಹಾಕಿಸಿಕೊಂಡ ಬಹುಪಾಲು ಮಕ್ಕಳು ಇಲ್ಲಿ ಎಡವುತ್ತಾರೆ.

ಮೂರನೆಯದು ಶಾಲೆಯಲ್ಲಿ ಹಾಕಿದ ಲಸಿಕೆ. 2017ರ ಫೆಬ್ರವರಿಯಲ್ಲಿ ದಡಾರ–ರುಬೆಲ್ಲಾ ಅಭಿಯಾನ ಶುರುವಾದಾಗ ಮೊದಲ ಹಂತದಲ್ಲೇ ಕರ್ನಾಟಕ ಇತ್ತು. ಒಂಬತ್ತು ತಿಂಗಳಿಂದ 15 ವರ್ಷದೊಳಗಿನ ಮಕ್ಕಳನ್ನೆಲ್ಲ ಶಾಲೆಯಲ್ಲೇ ಸಾಲಾಗಿ ನಿಲ್ಲಿಸಿ ಹಾಕಿದರು, ಬೆರಳಿಗೆ ಮಸಿ ಗುರುತು ಇಟ್ಟರು. ಈಗ ಅಮೆರಿಕಕ್ಕೆ ಹೊರಟಿರುವವರಲ್ಲಿ ಬಹಳ ಮಂದಿ ಆಗ ಆ ಸಾಲಿನಲ್ಲಿ ನಿಂತವರೇ. ಆ ಡೋಸ್ ಚಿನ್ನದಂಥದ್ದು. ಮೊದಲ ಹುಟ್ಟುಹಬ್ಬ ದಾಟಿ ಎಷ್ಟೋ ವರ್ಷಕ್ಕೆ ಹಾಕಿದ್ದು, ದಡಾರಕ್ಕೂ ರುಬೆಲ್ಲಾಕ್ಕೂ ಪೂರ್ತಿ ಎಣಿಕೆಗೆ ಬರುತ್ತದೆ. ಅದರ ಚೀಟಿ ನಿಮ್ಮ ಹತ್ತಿರ ಇದ್ದರೆ, ಈಗ ಒಂದೇ ಒಂದು ಎಂಎಂಆರ್ ಹಾಕಿಸಿದರೆ ನ್ಯೂಯಾರ್ಕ್‌ನ ಲೆಕ್ಕ ಮುಗಿಯುತ್ತದೆ. ದಡಾರಕ್ಕೆ ಎರಡಾಯಿತು, ಮಂಗನಬಾವಿಗೆ ಒಂದಾಯಿತು, ರುಬೆಲ್ಲಾಕ್ಕೆ ಬೇಕಾದ್ದಕ್ಕಿಂತ ಜಾಸ್ತಿಯೇ ಆಯಿತು. ಇಲಿನಾಯ್‌ಗಾದರೆ ಮಂಗನಬಾವಿಗೂ ಎರಡು ಬೇಕಲ್ಲ, ಹಾಗಾಗಿ ಎರಡು ಎಂಎಂಆರ್ ಹಾಕಿಸಲೇಬೇಕು.

ಚೀಟಿ ಇಲ್ಲವೇ? ನಮ್ಮ ಹುಡುಗನದ್ದೂ ಇರಲಿಲ್ಲ. ಮಸಿ ಹಾಕಿದ್ದು ಅವನಿಗೆ ಚೆನ್ನಾಗಿ ನೆನಪಿತ್ತು, ಪಕ್ಕದ ಹುಡುಗ ಅತ್ತಿದ್ದೂ ನೆನಪಿತ್ತು. ನೆನಪನ್ನು ವಿಶ್ವವಿದ್ಯಾಲಯದ ಆನ್‌ಲೈನ್ ಪೋರ್ಟಲ್‌ಗೆ ಹಾಕಲು ಆಗುವುದಿಲ್ಲ. ಶಾಲೆಗೋ ಆರೋಗ್ಯ ಕೇಂದ್ರಕ್ಕೋ ಹೋಗಿ ಒಮ್ಮೆ ಕೇಳಿ, ಸಿಕ್ಕರೆ ಒಳ್ಳೆಯದು. ಸಿಗದಿದ್ದರೆ ಅಲೆಯುತ್ತಾ ವಾರಗಟ್ಟಲೆ ಕಳೆಯಬೇಡಿ. 28 ದಿನದ ಅಂತರದಲ್ಲಿ ಎರಡು ಎಂಎಂಆರ್ ಹಾಕಿಸಿಬಿಡಿ. ಮೊದಲೇ ರಕ್ಷಣೆ ಇದ್ದವರು ಇನ್ನೊಂದು ಡೋಸ್ ತೆಗೆದುಕೊಂಡರೆ ಹಾನಿಯಿಲ್ಲ.

ಗಂಟಲುಮಾರಿ, ನಾಯಿಕೆಮ್ಮು, ಧನುರ್ವಾಯುವಿಗೆ ಹಾಕಿದ ಡಿಪಿಟಿ ಸಾಲನ್ನು ಮಾತ್ರ ಜೋಪಾನ ಮಾಡಿ. ಆರು, ಹತ್ತು, ಹದಿನಾಲ್ಕು ವಾರದಲ್ಲಿ ಹಾಕಿದ ಆ ಮೂರು ತಾರೀಖು ಇಲಿನಾಯ್‌ನಂಥ ರಾಜ್ಯದಲ್ಲಿ ನೇರವಾಗಿ ಎಣಿಕೆಗೆ ಬರುತ್ತವೆ. ಕಾರ್ಡ್ ಕಳೆದುಹೋದರೆ ಮೂರೂ ಡೋಸನ್ನು ಹೊಸದಾಗಿ, ತಿಂಗಳುಗಟ್ಟಲೆ ಅಂತರದಲ್ಲಿ ಹಾಕಿಸಬೇಕಾಗುತ್ತದೆ. ಆ ಸಾಲು ಇದ್ದವರಿಗೂ ದೊಡ್ಡವರ ಟಿಡ್ಯಾಪ್ ಒಂದು ಬೇಕು. ಮೊಳೆ ಚುಚ್ಚಿದಾಗ, ಬೈಕಿನಿಂದ ಬಿದ್ದಾಗ ಹಾಕಿಸಿದ ಟಿಟಿ ಟಿಡ್ಯಾಪ್ ಅಲ್ಲ. ಅದರಲ್ಲಿ ಧನುರ್ವಾಯು ಒಂದೇ ಇರುವುದು.

ಇನ್ನು ಸಿಡುಬು. "ಚಿಕ್ಕವನಿದ್ದಾಗ ಅಮ್ಮ ಬಂದಿತ್ತು, ಬೇವಿನ ಸೊಪ್ಪಿನ ಮೇಲೆ ಮಲಗಿಸಿದ್ವಿ" ಅಂತ ಎಲ್ಲರ ಮನೆಯಲ್ಲೂ ಹೇಳುತ್ತಾರೆ. ಬಂದು ಹೋಗಿದ್ದರೆ ರಕ್ಷಣೆ ಇದೆ, ನಿಜ. ಆದರೆ ನಮ್ಮಲ್ಲಿ ಅಮ್ಮ ಬಂದರೆ ಆಸ್ಪತ್ರೆಗೆ ಹೋಗುವವರು ಕಡಿಮೆ, ಆದ್ದರಿಂದ ಕಾಗದ ಇರುವುದಿಲ್ಲ. ವೆರಿಸೆಲ್ಲಾ ಐಜಿಜಿ ಅನ್ನೋ ರಕ್ತ ಪರೀಕ್ಷೆ ಮಾಡಿಸಿದರೆ ಅದೇ ಕಾಗದವಾಗುತ್ತದೆ.

ಹೆಜ್ಜೆ 4: ರಕ್ತ ಪರೀಕ್ಷೆಯೋ, ಲಸಿಕೆಯೋ?

ದಡಾರ, ಮಂಗನಬಾವು, ರುಬೆಲ್ಲಾ, ಸಿಡುಬು, ಹೆಪಟೈಟಿಸ್ ಬಿ ಇವುಗಳಿಗೆ ರಕ್ಷಣೆ ಇದೆಯೇ ಅಂತ ರಕ್ತದಲ್ಲಿ ನೋಡಬಹುದು. ಅವರು ಅದನ್ನು ಟೈಟರ್ ಅನ್ನುತ್ತಾರೆ. ಸಿಡುಬು ಬಂದಿದ್ದವರಿಗೆ, ಹೆಪಟೈಟಿಸ್ ಬಿ ಹಾಕಿಸಿ ಕಾರ್ಡ್ ಕಳೆದುಕೊಂಡವರಿಗೆ ಇದು ಒಳ್ಳೆಯ ದಾರಿ. ಎಂಎಂಆರ್‌ಗೆ ನಾನು ಇದನ್ನು ಹೇಳುವುದಿಲ್ಲ. ಮೂರು ಪರೀಕ್ಷೆಗೆ ದುಡ್ಡು ಕೊಟ್ಟು, ರಿಪೋರ್ಟಿಗೆ ಕಾದು, ಮಂಗನಬಾವಿನದ್ದು ನೆಗೆಟಿವ್ ಬಂದರೆ ಮತ್ತೆ ಎಂಎಂಆರ್ ಹಾಕಿಸಬೇಕು. ಅಷ್ಟರಲ್ಲಿ ಹತ್ತು ದಿನ ಹೋಗಿರುತ್ತದೆ. ಮೆನಿಂಜೈಟಿಸ್‌ಗೆ ಈ ದಾರಿ ಇಲ್ಲ, ಲಸಿಕೆಯೇ ಹಾಕಿಸಬೇಕು.

ಹೆಜ್ಜೆ 5: ಯಾವುದು ಮೊದಲು, ಯಾವುದು ಆಮೇಲೆ

ಆಗಸ್ಟ್‌ನಲ್ಲಿ ಕ್ಲಾಸು ಅಂದರೆ ಏಪ್ರಿಲ್‌ನಲ್ಲಿ ಶುರು ಮಾಡಿ. ಹೆಪಟೈಟಿಸ್ ಬಿ ಬೇಕಿದ್ದರೆ ಇನ್ನೂ ಬೇಗ, ಯಾಕೆಂದರೆ ಅದರ ಮೂರು ಡೋಸ್ ಸಾಮಾನ್ಯವಾಗಿ ಆರು ತಿಂಗಳು ಹಿಡಿಯುತ್ತದೆ. ಅಡ್ಮಿಷನ್ ಪತ್ರ ಬಂದ ವಾರವೇ ಮೊದಲ ಡೋಸ್ ಹಾಕಿಸಿ.

ಎಂಎಂಆರ್ ಮತ್ತು ಸಿಡುಬಿನ ಲಸಿಕೆ ಎರಡೂ ಜೀವಂತ ಲಸಿಕೆಗಳು, ಅಂದರೆ ಶಕ್ತಿ ಕುಂದಿಸಿದ ಜೀವಂತ ವೈರಸ್ ಇರುವಂಥವು. ಎರಡನ್ನೂ ಒಂದೇ ದಿನ, ಒಂದೊಂದು ತೋಳಿಗೆ ಹಾಕಿಸಬಹುದು. ಆ ದಿನ ತಪ್ಪಿತು ಅಂದರೆ ನಡುವೆ 28 ದಿನ ಬಿಡಲೇಬೇಕು. ಈ ವಾರ ಇದು, ಮುಂದಿನ ವಾರ ಅದು ಅಂತ ಮಾಡಿದರೆ ಎರಡನೆಯದನ್ನು ಅವರು ಎಣಿಸುವುದಿಲ್ಲ. 28 ಅಂದರೆ 28. ಒಂದು ಹುಡುಗಿ 26ನೇ ದಿನಕ್ಕೆ ಎರಡನೇ ಎಂಎಂಆರ್ ಹಾಕಿಸಿಕೊಂಡು ಬಂದಳು. ಕೆಲವು ಕಡೆ ನಾಲ್ಕು ದಿನದ ರಿಯಾಯಿತಿ ಕೊಡುತ್ತಾರೆ, ಇನ್ನು ಕೆಲವು ಕಡೆ ಕೊಡುವುದಿಲ್ಲ. ಅದನ್ನು ಇಮೇಲ್ ಮಾಡಿ ಕೇಳಿ ಉತ್ತರಕ್ಕೆ ಕಾಯುತ್ತಾ ಅವಳು ಪಟ್ಟ ಆತಂಕ ನಿಮಗೆ ಬೇಡ. ಕ್ಯಾಲೆಂಡರಿನಲ್ಲಿ ಗುರುತು ಮಾಡಿಕೊಂಡು ಒಂದು ದಿನ ಆಚೆಗೇ ಹೋಗಿ. ಬಸುರಿಯರು ಈ ಎರಡನ್ನೂ ಹಾಕಿಸಿಕೊಳ್ಳುವಂತಿಲ್ಲ. ಮದುವೆಯಾಗಿ ಹೊರಟವರು ಡಾಕ್ಟರಿಗೆ ಮೊದಲೇ ಹೇಳಿ, ಲಸಿಕೆಯ ನಂತರವೂ ಒಂದು ತಿಂಗಳು ಕಾಯಬೇಕು.

ಮೆನಿಂಜೈಟಿಸ್‌ಗೆ ಕೇಳಬೇಕಾದದ್ದು ಎ, ಸಿ, ಡಬ್ಲ್ಯು, ವೈ ನಾಲ್ಕೂ ಬಗೆ ಸೇರಿದ ಲಸಿಕೆ. ಹಜ್ ಯಾತ್ರೆಗೆ ಹೊರಡುವವರಿಗೂ ಈ ನಾಲ್ಕು ಬಗೆಯ ಲಸಿಕೆಯೇ ಕಡ್ಡಾಯ, ಆದ್ದರಿಂದ ಪ್ರಯಾಣಿಕರ ಲಸಿಕೆ ಹಾಕುವ ಆಸ್ಪತ್ರೆಗಳಿಗೆ ಇದು ಹೊಸದಲ್ಲ. ಆದರೆ ಎಲ್ಲ ಕ್ಲಿನಿಕ್‌ನಲ್ಲೂ ಫ್ರಿಜ್‌ನಲ್ಲಿ ಇಟ್ಟಿರುವುದಿಲ್ಲ. ಫೋನ್ ಮಾಡಿ, ಸ್ಟಾಕ್ ಇದೆ ಅಂದ ಮೇಲೆ ಹೋಗಿ. ಊರಿನಿಂದ ಬೆಂಗಳೂರಿಗೆ ಬಸ್ ಹತ್ತಿ ಬಂದು ಬರಿಗೈಲಿ ವಾಪಸ್ ಹೋದವರಿದ್ದಾರೆ.

ಹೆಜ್ಜೆ 6: ಕ್ಷಯದ ಪರೀಕ್ಷೆ

ಭಾರತದಿಂದ ಬರುವವರಿಗೆ ಬಹಳ ವಿಶ್ವವಿದ್ಯಾಲಯಗಳು ಟಿಬಿ ಪರೀಕ್ಷೆ ಕೇಳುತ್ತವೆ. ಇಲ್ಲಿ ಒಂದು ಮಾತು. ನಮಗೆಲ್ಲ ಹುಟ್ಟಿದಾಗ ಬಿಸಿಜಿ ಹಾಕಿರುತ್ತಾರೆ, ಎಡತೋಳಿನ ಕಲೆ ಅದೇ. ಅದರಿಂದ ಮೊಂಟೂ ಪರೀಕ್ಷೆ, ಅಂದರೆ ಮುಂಗೈ ಚರ್ಮದಡಿ ಚುಚ್ಚಿ ಗಂಟು ಅಳೆಯುವುದು, ಟಿಬಿ ಇಲ್ಲದಿದ್ದರೂ ಪಾಸಿಟಿವ್ ತೋರಿಸಬಹುದು. ಆಮೇಲೆ ಎದೆ ಎಕ್ಸ್‌ರೇ, ಡಾಕ್ಟರ ಪತ್ರ ಅಂತ ಓಡಾಟ. ಬಿಸಿಜಿಗೆ ಗೊಂದಲವಾಗದ ರಕ್ತ ಪರೀಕ್ಷೆ ಇದೆ, ಇಗ್ರಾ ಅನ್ನುತ್ತಾರೆ. ಲ್ಯಾಬಿನಲ್ಲಿ ಕ್ವಾಂಟಿಫೆರಾನ್ ಅಥವಾ ಟಿಬಿ ಗೋಲ್ಡ್ ಅಂದರೆ ಗೊತ್ತಾಗುತ್ತದೆ. ಅದನ್ನೇ ಮಾಡಿಸಿ.

ಯಾವತ್ತು ಮಾಡಿಸಬೇಕು ಅನ್ನೋದೂ ಮುಖ್ಯ. ಎಂಎಂಆರ್ ಹಾಕಿಸಿದ ನಂತರ ಕೆಲವು ವಾರ ಟಿಬಿ ಪರೀಕ್ಷೆಯ ಫಲ ಮಸುಕಾಗಬಹುದು. ಆದ್ದರಿಂದ ಮೊದಲು ರಕ್ತ ಕೊಟ್ಟು, ಅದೇ ದಿನ ಎಂಎಂಆರ್ ಹಾಕಿಸಿ. ಅದು ತಪ್ಪಿದರೆ ನಾಲ್ಕರಿಂದ ಆರು ವಾರ ಬಿಟ್ಟು ಮಾಡಿಸಿ. ಕೆಲವು ಕಡೆ ಪರೀಕ್ಷೆ ಇಂತಿಷ್ಟು ತಿಂಗಳೊಳಗಿನದ್ದೇ ಆಗಿರಬೇಕು, ಅಥವಾ ಅಮೆರಿಕದಲ್ಲೇ ಮಾಡಿಸಬೇಕು ಅನ್ನುತ್ತಾರೆ. ದುಡ್ಡು ಕೊಡುವ ಮುಂಚೆ ಫಾರ್ಮಿನ ಆ ಸಾಲು ಓದಿ.

ಹೆಜ್ಜೆ 7: ಕಾಗದ ಕೆಲಸ

ಚುಚ್ಚಿಸಿಕೊಳ್ಳುವುದು ಸುಲಭ, ಕಾಗದದಲ್ಲೇ ಜಾಸ್ತಿ ಜನ ಬೀಳುವುದು.

ವಿಶ್ವವಿದ್ಯಾಲಯದ ಫಾರ್ಮನ್ನೇ ಡಾಕ್ಟರ ಕೈಯಲ್ಲಿ ತುಂಬಿಸಿ. ಬರೀ ಹಳೇ ಕಾರ್ಡಿನ ಫೋಟೋ ಹಾಕಬೇಡಿ. ಹೆಸರು ಪಾಸ್‌ಪೋರ್ಟಿನಲ್ಲಿ ಇರುವ ಹಾಗೆಯೇ ಇರಲಿ. ಆಧಾರ್‌ನಲ್ಲಿ ಇನಿಷಿಯಲ್, ಪಾಸ್‌ಪೋರ್ಟಿನಲ್ಲಿ ಅಪ್ಪನ ಹೆಸರು ಬಿಡಿಸಿ ಬರೆದದ್ದು, ಕಾರ್ಡಿನಲ್ಲಿ ಬೇಬಿ — ಮೂರು ಬೇರೆ ಬೇರೆ ಹೆಸರು ಕಂಡರೆ ಅಲ್ಲಿ ಕೂತವರಿಗೆ ಇದು ಒಬ್ಬನೇ ಹುಡುಗ ಅಂತ ಹೇಗೆ ಗೊತ್ತಾಗಬೇಕು? ಪ್ರತಿ ಹಾಳೆಯಲ್ಲೂ ಹುಟ್ಟಿದ ತಾರೀಖು, ಡಾಕ್ಟರ ಸಹಿ, ಸೀಲು, ನೋಂದಣಿ ಸಂಖ್ಯೆ ಇರಲಿ. ಲಸಿಕೆ ಸೀಸೆಯ ಬ್ಯಾಚ್ ಸ್ಟಿಕರ್ ಅಂಟಿಸಿಕೊಡಿ ಅಂತ ಕೇಳಿ. ಕಾರ್ಡ್ ಕನ್ನಡದಲ್ಲಿದ್ದರೆ ಇಂಗ್ಲಿಷ್ ಅನುವಾದ ಬೇಕು. ಡಾಕ್ಟರು ತಮ್ಮ ಲೆಟರ್‌ಹೆಡ್‌ನಲ್ಲಿ ಎಲ್ಲ ತಾರೀಖು ಬರೆದುಕೊಟ್ಟರೆ ಬಹಳ ಕಡೆ ನಡೆಯುತ್ತದೆ.

ತಾರೀಖಿನ ವಿಷಯ ದಯವಿಟ್ಟು ಗಮನಿಸಿ. ಅವರು ತಿಂಗಳು ಮೊದಲು, ದಿನ ಆಮೇಲೆ ಬರೆಯುತ್ತಾರೆ. ನಿಮ್ಮ ಚೀಟಿಯಲ್ಲಿ 08/02/2017 ಅಂತ ಇದ್ದರೆ ನಮಗೆ ಅದು ಫೆಬ್ರವರಿ ಎಂಟು, ಅವರಿಗೆ ಆಗಸ್ಟ್ ಎರಡು. ಎರಡು ಡೋಸಿನಲ್ಲಿ ಒಂದರ ತಾರೀಖು ಹೀಗೆ ತಿರುಗಿದರೆ ಎರಡನೆಯದು ಮೊದಲನೆಯದಕ್ಕಿಂತ ಮುಂಚೆ ಬಂದ ಹಾಗೆ ಕಾಣುತ್ತದೆ. ತಿಂಗಳನ್ನು ಅಕ್ಷರದಲ್ಲಿ ಬರೆಸಿ, ತಂಟೆಯೇ ಬೇಡ.

ಅಪ್‌ಲೋಡ್ ಮಾಡಿದ ಮೇಲೆ ಪೋರ್ಟಲ್‌ನಲ್ಲಿ ತಾರೀಖುಗಳನ್ನು ಬೇರೆಯಾಗಿ ಟೈಪ್ ಮಾಡಲೂ ಕೇಳಬಹುದು. ಎರಡೂ ಮಾಡಿದರೇ ಮುಗಿದಂತೆ. ಒಪ್ಪಿಗೆಯಾಗಿದೆ ಅಂತ ಉತ್ತರ ಬರುವ ತನಕ ಎರಡು ದಿನಕ್ಕೊಮ್ಮೆ ನೋಡುತ್ತಿರಿ.

ಸಮಯ ಮೀರಿದ್ದರೆ

ಹೊರಡುವ ವಾರಕ್ಕೆ ಗೊತ್ತಾದರೂ ದಾರಿ ಇದೆ. ಒಂದು ಎಂಎಂಆರ್ ಇಲ್ಲೇ ಹಾಕಿಸಿ, ಅದರ ಕಾಗದ ಹಾಕಿ, ಎರಡನೆಯದು ಇಂಥ ದಿನ ಅಂತ ಆರೋಗ್ಯ ಕೇಂದ್ರಕ್ಕೆ ಬರೆಯಿರಿ. ನ್ಯೂಯಾರ್ಕ್ ಕಾನೂನಿನಲ್ಲಿ ಇದಕ್ಕೆ 30 ದಿನದ ಅವಕಾಶವಿದೆ. ಬೇರೆ ರಾಜ್ಯ, ಬೇರೆ ದೇಶದಿಂದ ಬಂದವರು ಪ್ರಯತ್ನದಲ್ಲಿದ್ದಾರೆ ಅಂತ ಕಂಡರೆ ಅದನ್ನು 45 ದಿನಕ್ಕೆ ಹಿಗ್ಗಿಸಬಹುದು. ಅದಾದ ಮೇಲೆ ಕ್ಲಾಸಿಗೆ ಬಿಡುವಂತಿಲ್ಲ. ಎಫ್-1 ವೀಸಾದಲ್ಲಿ ಪೂರ್ಣಾವಧಿ ಓದು ತಪ್ಪಿದರೆ ವೀಸಾಕ್ಕೇ ಕುತ್ತು, ಆದ್ದರಿಂದ ಆ ಗಡುವನ್ನು ಹಗುರವಾಗಿ ನೋಡಬೇಡಿ. ಕ್ಯಾಂಪಸ್ಸಿನ ಆರೋಗ್ಯ ಕೇಂದ್ರದಲ್ಲೇ ಲಸಿಕೆ ಸಿಗುತ್ತದೆ. ವಿದ್ಯಾರ್ಥಿ ವಿಮೆ ಅದಕ್ಕೆ ದುಡ್ಡು ಕೊಡುತ್ತದೆಯೇ ಅಂತ ಕೇಳಿಕೊಂಡು ಹೋಗಿ.

ವಿನಾಯಿತಿಯ ಬಗ್ಗೆಯೂ ಕೇಳುತ್ತಾರೆ. ಲಸಿಕೆ ಒಗ್ಗದ ಕಾಯಿಲೆ ಇದ್ದವರಿಗೆ ಡಾಕ್ಟರ ಪತ್ರದ ಮೇಲೆ ವಿನಾಯಿತಿ ಸಿಗುತ್ತದೆ. ಧರ್ಮದ ಕಾರಣಕ್ಕೆ ನ್ಯೂಯಾರ್ಕ್‌ನ ಕಾಲೇಜುಗಳಲ್ಲಿ ಕೇಳಬಹುದು, ಟೆಕ್ಸಾಸ್‌ನಲ್ಲಿ ಮನಸ್ಸಾಕ್ಷಿಯ ಕಾರಣಕ್ಕೂ ಅಫಿಡವಿಟ್ ಕೊಡಬಹುದು. ಟೈಮಿಲ್ಲ ಅನ್ನೋ ಒಂದೇ ಕಾರಣಕ್ಕೆ ಅದಕ್ಕೆ ಸಹಿ ಹಾಕಬೇಡಿ ಅಂತ ಕೇಳಿಕೊಳ್ಳುತ್ತೇನೆ. ಕ್ಯಾಂಪಸ್ಸಿನಲ್ಲಿ ದಡಾರ ಕಾಣಿಸಿಕೊಂಡರೆ ವಿನಾಯಿತಿ ಪಡೆದವರನ್ನು ಮೊದಲು ಹೊರಗಿಡುತ್ತಾರೆ. ರಕ್ಷಣೆಯೂ ಇರುವುದಿಲ್ಲ, ಕ್ಲಾಸೂ ಇರುವುದಿಲ್ಲ.

ನಮ್ಮ ಹುಡುಗ ಹೊರಡುವ ಐದು ದಿನ ಮುಂಚೆ ಮೊದಲ ಎಂಎಂಆರ್ ಹಾಕಿಸಿಕೊಂಡ. ಎರಡನೆಯದನ್ನು ಅಲ್ಲಿ, 29ನೇ ದಿನ, ಕ್ಯಾಂಪಸ್ಸಿನಲ್ಲೇ ಹಾಕಿಸಿದ. ಸಂಜೆ ಹೋಲ್ಡ್ ಹೋಯಿತು ಅಂತ ತಂಗಿಗೆ ಫೋಟೋ ಕಳಿಸಿದ. ಅಸಲು ಕಾರ್ಡನ್ನು ಚೆಕ್-ಇನ್ ಸೂಟ್‌ಕೇಸಿಗೆ ಹಾಕದೆ ಕೈಚೀಲದಲ್ಲಿ ಇಟ್ಟುಕೊಂಡು ಹೋಗಿದ್ದ, ನೀವೂ ಹಾಗೇ ಮಾಡಿ. ಹೊರಡುವ ಮುಂಚೆ ಎರಡೂ ಬದಿ ಸ್ಕ್ಯಾನ್ ಮಾಡಿ, ಒಂದು ಪ್ರತಿ ಮನೆಯವರ ಫೋನಿನಲ್ಲೂ ಇರಲಿ.